ಗಲಿಬಿಯೆ ಘಟ್ಟದ ಏರು

ಫ್ರಾನ್ಸ್ ದೇಶದ ಆಗ್ನೇಯಕ್ಕೆ ಹಬ್ಬಿರುವ ಆಲ್ಪ್ಸ್ ಪರ್ವತಗಳಲ್ಲಿ ಗಲಿಬಿಯೆ ಎಂಬ ಘಟ್ಟವಿದೆ. ಚಳಿಗಾಲದಲ್ಲಿ ಅದರ ದಾರಿ ಹಿಮದ ಅಡಿಯಲ್ಲಿ ಹೂತುಹೋಗುತ್ತದೆ; ಜನಸಂಚಾರವೇನಿದ್ದರೂ ಬೇಸಗೆಯ ಕೆಲವು ತಿಂಗಳು ಮಾತ್ರ. 1891ರಲ್ಲಿ ಘಟ್ಟದ ನೆತ್ತಿಗೆ ತುಸು ಕೆಳಗೆ, ಸಮುದ್ರಮಟ್ಟದಿಂದ 2,556 ಮೀಟರ್ ಎತ್ತರದಲ್ಲಿ, ಬಂಡೆಯನ್ನು ಕೊರೆದು ಸುರಂಗವೊಂದನ್ನು ತೆರೆದರು. ಅಲ್ಲಿಗೆ ಏರುತ್ತಿದ್ದ ರಸ್ತೆಗೆ ಆಗ ಟಾರಿನ ಸೋಂಕೂ ಇರಲಿಲ್ಲ. ಜಲ್ಲಿ, ಮಣ್ಣು, ಕರಗಿದ ಹಿಮ ಹರಿದು ಕೊರೆದ ಕೊರಕಲು, ಇವೇ ಆ ರಸ್ತೆಯ ಮೈ. ಇಂತಹ ದಾರಿಯಲ್ಲಿ 1911ನೆಯ ಇಸವಿ ಜುಲೈ 10ರಂದು ಬೈಸಿಕಲ್ ಪಂದ್ಯವೊಂದು ಸಾಗಿತು.

ಅದು ‘ಟೂರ್ ಡಿ ಫ್ರಾನ್ಸ್’. ಪತ್ರಿಕೆಯೊಂದರ ಮಾರಾಟವನ್ನು ಹೆಚ್ಚಿಸುವ ಸಲುವಾಗಿ 1903ರಲ್ಲಿ ಆರಂಭವಾದ ಈ ಪಂದ್ಯದ ಸೂತ್ರಧಾರ ಆ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್. 1910ರಲ್ಲಿ ಪಂದ್ಯ ಪಿರಿನೀಸ್ ಪರ್ವತಗಳ ಎತ್ತರದ ಘಟ್ಟಗಳನ್ನು ದಾಟಿತ್ತು. ಮರುವರ್ಷ ಅದಕ್ಕಿಂತಲೂ ಎತ್ತರದ ಗಲಿಬಿಯೆಯ ಸರದಿ ಬಂದಿತು. ಆ ದಿನ ಸವಾರರು ಶಾಮೊನಿ ಊರಿನಿಂದ ಗ್ರೆನೋಬ್ಲ್ ನಗರಕ್ಕೆ 366 ಕಿಲೋಮೀಟರ್ ಕ್ರಮಿಸಬೇಕಾಗಿತ್ತು. ಈ ದೂರವೇ ಒಬ್ಬ ಮನುಷ್ಯನ ಕಾಲಿನ ಕಸುವನ್ನು ಹೀರುವಂತಹುದು; ಘಟ್ಟ ಅದರ ನಡುವೆ ಕಾದಿತ್ತು.

ಅವರ ವಾಹನದ ಬಗೆಯನ್ನು ತಿಳಿದರೆ ಮಾತ್ರ ಆ ಶ್ರಮದ ಅರಿವಾದೀತು. ಉಕ್ಕಿನ ಆ ಬೈಸಿಕಲ್ಲು ಇಂದಿನ ಪಂದ್ಯದ ಬೈಸಿಕಲ್ಲಿನ ಸುಮಾರು ಎರಡರಷ್ಟು ತೂಗುತ್ತಿತ್ತು. ಸವಾರಿ ಮಾಡುತ್ತಿರುವಂತೆಯೇ ಗೇರು ಬದಲಿಸುವ ಅನುಕೂಲ ಅದರಲ್ಲಿರಲಿಲ್ಲ. ಹಿಂದಿನ ಚಕ್ರದ ಎಡಬಲಗಳಲ್ಲಿ ಒಂದೊಂದು ಹಲ್ಲುಚಕ್ರ. ಸಮತಟ್ಟಿಗೆ ಒಂದು, ಏರಿಗೆ ಮತ್ತೊಂದು. ಏರು ಬಂದಾಗ ಸವಾರನು ಕೆಳಗಿಳಿದು, ಚಕ್ರವನ್ನು ಕಳಚಿ, ಮಗ್ಗುಲು ತಿರುಗಿಸಿ, ಮತ್ತೆ ಬಿಗಿದುಕೊಂಡು ಹೊರಡಬೇಕು. ಟೈರು ಹರಿದರೆ ಹೆಗಲಿಗೆ ಸುತ್ತಿಕೊಂಡ ಟೈರನ್ನು ತಾನೇ ಹಾಕಿಕೊಳ್ಳಬೇಕು. ಬೇರೆಯವರು ಕೈ ನೀಡುವಂತಿರಲಿಲ್ಲ.

ಸೇಂಟ್ ಮಿಶೆಲ್ ಎಂಬ ಊರಿನಿಂದ ಏರು ತೊಡಗುತ್ತದೆ. ಮೊದಲು ಎದುರಾಗುವುದು ಟೆಲಿಗ್ರಾಫ್ ಘಟ್ಟ. ವಿದ್ಯುತ್ ತಂತಿ ಬರುವುದಕ್ಕೆ ಮುಂಚೆ, ಮರದ ತೋಳುಗಳನ್ನು ಆಡಿಸಿ ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಮುಟ್ಟಿಸುವ ಠಾಣೆಯೊಂದು ಅಲ್ಲಿದ್ದುದರಿಂದ ಆ ಹೆಸರು. ಹನ್ನೆರಡು ಕಿಲೋಮೀಟರ್ ತುಳಿದು 1,566 ಮೀಟರ್ ಎತ್ತರದ ಈ ಘಟ್ಟವನ್ನು ಗೆದ್ದವನಿಗೆ ಮುಂದಿನ ಇಳಿಜಾರು ಸುಖವೆನಿಸೀತು. ಆದರೆ ಅದು ವಂಚನೆಯ ಸುಖ. ಕಷ್ಟಪಟ್ಟು ಗಳಿಸಿದ ಎತ್ತರದಲ್ಲಿ ಒಂದಷ್ಟನ್ನು ವಾಲ್ವಾರ್ ಊರಿಗೆ ಇಳಿಯುವಾಗ ಕಳೆದುಕೊಂಡು, ಮತ್ತೆ ಹದಿನೆಂಟು ಕಿಲೋಮೀಟರ್ ಏರಬೇಕು. ಮರಗಳು ಹಿಂದುಳಿಯುತ್ತವೆ. ಮುಂದೆ ಹುಲ್ಲು, ಕಲ್ಲು, ಹಿಮ. ಕೊನೆಯ ಎಂಟು ಕಿಲೋಮೀಟರಿನಲ್ಲಿ ದಾರಿ ನೂರು ಮೀಟರ್ ಸಾಗಿದರೆ ಎಂಟು ಮೀಟರಿಗೂ ಮಿಗಿಲಾಗಿ ಮೇಲೇರುತ್ತದೆ. ಗಾಳಿ ತೆಳುವಾಗುತ್ತದೆ, ಆ ಎತ್ತರದಲ್ಲಿ ಪ್ರತಿ ಉಸಿರಿಗೂ ಸಮುದ್ರತೀರದಲ್ಲಿ ಸಿಗುವ ಆಮ್ಲಜನಕದ ಮುಕ್ಕಾಲು ಪಾಲು ಮಾತ್ರ ದೊರೆಯುತ್ತದೆ. ಸಡಿಲ ಜಲ್ಲಿಯ ಮೇಲೆ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಕುಳಿತು ತುಳಿದರೆ ಕಾಲಿಗೆ ಬಲ ಸಾಲದು. ವೇಗ ತಗ್ಗುತ್ತ ತಗ್ಗುತ್ತ ಬೈಸಿಕಲ್ಲು ಓಲಾಡತೊಡಗುತ್ತದೆ. ಅಲ್ಲಿ ಒಮ್ಮೆ ಕಾಲೂರಿದರೆ ಮತ್ತೆ ಹತ್ತಿ ಹೊರಡುವುದು ಬಲು ಕಷ್ಟ.

ಅಂದು ಮೊಟ್ಟಮೊದಲು ಘಟ್ಟವನ್ನು ದಾಟಿದವನು ಎಮಿಲ್ ಜೋರ್ಜೆ. ಅವನಲ್ಲದೆ ಪಾಲ್ ದ್ಯುಬೋಕ್ ಮತ್ತು ಗುಸ್ತಾವ್ ಗಾರಿಗು ಎಂಬಿಬ್ಬರು ಮಾತ್ರ ನೆಲಕ್ಕೆ ಕಾಲು ತಾಗಿಸದೆ ಏರಿದರೆಂದು ಪ್ರತೀತಿ. ಉಳಿದವರು ಬೈಸಿಕಲ್ಲನ್ನು ತಳ್ಳಿಕೊಂಡು ನಡೆದರು. ಅವರನ್ನು ಸೋತವರೆಂದು ಕರೆಯುವುದು ನ್ಯಾಯವಲ್ಲ. ಭಾರದ ಯಂತ್ರವನ್ನು ಜಲ್ಲಿಯ ಮೇಲೆ ನೂಕುತ್ತ ನಡೆದು, ಸುರಂಗದ ಕತ್ತಲನ್ನು ಹಾದು, ಮತ್ತೆ ಸವಾರಿ ಮಾಡಿಯೇ ಅವರು ಗ್ರೆನೋಬ್ಲ್ ಸೇರಬೇಕಾಗಿತ್ತು. ಇಳಿಜಾರೂ ಸುಲಭದ್ದಲ್ಲ. ಚಳಿಗೆ ಮರಗಟ್ಟಿದ ಬೆರಳುಗಳಿಂದ ಬ್ರೇಕು ಹಿಡಿದು, ತಿರುವು ತಿರುವಿನಲ್ಲೂ ಪ್ರಪಾತದ ಅಂಚನ್ನು ತಪ್ಪಿಸಿಕೊಂಡು, ಲೋತಾರೆ ಎಂಬ ಮತ್ತೊಂದು ಘಟ್ಟದ ಮೂಲಕ ಬಯಲಿಗೆ ಇಳಿಯಬೇಕು.

ಜೋರ್ಜೆ ಆ ದಿನದ ಓಟವನ್ನು ಗೆದ್ದನು. ಇಡೀ ಪಂದ್ಯದ ಗೆಲುವು ಗಾರಿಗುವಿನದಾಯಿತು. ಹೊರಟಿದ್ದ 84 ಸವಾರರಲ್ಲಿ ಕೊನೆ ಮುಟ್ಟಿದವರು 28 ಮಂದಿ.

ದೆಗ್ರಾಂಜ್ ತಮ್ಮ ಪತ್ರಿಕೆಯಲ್ಲಿ ಗಲಿಬಿಯೆಯನ್ನು ದೇವರನ್ನು ಸ್ತುತಿಸುವಂತೆ ಕೊಂಡಾಡಿದರು. ಏರಿದವನ ಸ್ತುತಿಗಿಂತ ಏರಿಸಿದವನ ಸ್ತುತಿ ಸಲೀಸು. ಗೇರು ಬದಲಿಸುವ ಸಾಧನವೆಂದರೆ ಅವರಿಗೆ ಸೇರದು. ಅದು ವಯಸ್ಸಾದವರಿಗೆ ತಕ್ಕದ್ದು, ಗೆಲುವು ಸ್ನಾಯುಬಲದಿಂದಲೇ ಬರಬೇಕು ಎಂಬುದು ಅವರ ನಿಲುವು. ಅವರು 1940ರಲ್ಲಿ ತೀರಿಕೊಂಡ ಬಳಿಕ, 1949ರಲ್ಲಿ, ಸುರಂಗದ ದಕ್ಷಿಣ ದ್ವಾರದ ಬಳಿ ಅವರ ಸ್ಮಾರಕವನ್ನು ನಿಲ್ಲಿಸಿದರು. ಆದರೆ ಅವರ ಗೇರಿನ ಹಟ ಅಷ್ಟು ಕಾಲ ಬಾಳಲಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ಸರಿಸುವ ಸಾಧನಕ್ಕೆ 1937ರಲ್ಲಿ ಪಂದ್ಯದ ಒಪ್ಪಿಗೆ ದೊರೆಯಿತು. ಆ ವರ್ಷ ಎಲ್ಲರಿಗಿಂತ ಮೊದಲು ಗಲಿಬಿಯೆ ದಾಟಿದ ಇಟಲಿಯ ಜಿನೋ ಬಾರ್ತಾಲಿಗೆ, ಚಕ್ರವನ್ನು ತಿರುಗಿಸಿ ಹಾಕುವುದಕ್ಕಾಗಿ ದಾರಿಯಲ್ಲಿ ಇಳಿಯುವ ಅಗತ್ಯವಿರಲಿಲ್ಲ.