ಮೋಟರ್‌ವೇ ಬೇಡ ಎಂದು ಮ್ಯಾಪ್‌ಗೆ ಹೇಳುವ ಮುನ್ನ

ಬ್ರಿಟನ್ನಿಗೆ ಬಂದು ಹೊಸದಾಗಿ ಕಾರು ಹಿಡಿದವರಿಗೆ ಊರೊಳಗಿನ ರಸ್ತೆ ಬೇಗ ಒಗ್ಗುತ್ತದೆ. ಎಡಬದಿಯ ಸಂಚಾರ ನಮಗೆ ಹೊಸತಲ್ಲ, ರೌಂಡಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದನ್ನೂ ಕಲಿತುಬಿಡುತ್ತೇವೆ. ಎದೆ ಹೊಡೆದುಕೊಳ್ಳುವುದು ಮೋಟರ್‌ವೇಗೆ ಇಳಿಯುವಾಗ. ಲಾರಿಗಳ ಸಾಲು, ಗಂಟೆಗೆ 70 ಮೈಲಿಯ ಓಟ, ಸ್ಲಿಪ್ ರೋಡ್ ಮುಗಿಯುವುದರೊಳಗೆ ಆ ಓಟಕ್ಕೆ ಸೇರಿಕೊಳ್ಳಬೇಕು. ಜಂಕ್ಷನ್ ತಪ್ಪಿತೆಂದು ನಿಲ್ಲುವಂತಿಲ್ಲ, ರಿವರ್ಸ್ ಬರುವಂತಿಲ್ಲ, ಮುಂದಿನ ಜಂಕ್ಷನ್ನಿನವರೆಗೆ ಹೋಗಲೇಬೇಕು. ಈ ಭಯಕ್ಕೆ ಯಾರೂ ನಾಚಬೇಕಿಲ್ಲ. ಕೈ ಕುದುರುವವರೆಗೆ ಮ್ಯಾಪ್ ಹಿಡಿದು ಬೇರೆ ದಾರಿಯಲ್ಲಿ ಓಡಾಡಿ. ಆದರೆ ಮ್ಯಾಪ್ ಏನನ್ನು ತಪ್ಪಿಸುತ್ತದೆ, ಏನನ್ನು ತಪ್ಪಿಸುವುದಿಲ್ಲ ಎಂಬುದನ್ನು ತಿಳಿದುಕೊಂಡೇ ಹೊರಡಿ.

ಗೂಗಲ್ ಮ್ಯಾಪ್ಸ್, ವೇಜ್, ಆ್ಯಪಲ್ ಮ್ಯಾಪ್ಸ್ ಮೂರರಲ್ಲೂ ‘ಅವಾಯ್ಡ್ ಮೋಟರ್‌ವೇಸ್’ ಎಂಬ ಆಯ್ಕೆ ಇದೆ. ಅದನ್ನು ಮನೆಯಲ್ಲೇ ಆನ್ ಮಾಡಿ, ತೋರಿಸಿದ ದಾರಿಯನ್ನು ಬೆರಳಿನಿಂದ ದೊಡ್ಡದು ಮಾಡಿ ಕೊನೆಯವರೆಗೆ ನೋಡಿ. ಕೆಲವೆಡೆ ಮ್ಯಾಪ್ ಮೋಟರ್‌ವೇಯ ತುಣುಕೊಂದನ್ನು ಸೇರಿಸಿಬಿಡಬಹುದು. ರಸ್ತೆಯಲ್ಲಿ ನಿಮ್ಮ ಕಣ್ಣು ಬಣ್ಣದ ಮೇಲಿರಲಿ. ಮೋಟರ್‌ವೇ ಫಲಕ ನೀಲಿ, ಮುಖ್ಯ ಎ ರಸ್ತೆಯದು ಹಸಿರು. ಹಸಿರು ಫಲಕದೊಳಗೆ ನೀಲಿ ಪಟ್ಟಿಯಲ್ಲಿ ಎಂ ಅಕ್ಷರದ ನಂಬರು ಕಂಡರೆ ಆ ದಿಕ್ಕು ಮೋಟರ್‌ವೇಗೆ ಹೋಗುತ್ತದೆ. ಫೋನು ಏನೇ ಹೇಳಲಿ, ಆ ಲೇನ್ ಹಿಡಿಯಬೇಡಿ. ದಾರಿ ತಪ್ಪಿದರೆ ಮ್ಯಾಪ್ ಬೇರೆ ದಾರಿ ಹುಡುಕಿಕೊಡುತ್ತದೆ.

ಕೆಲವರಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು. ಭಾರತದ ಲೈಸೆನ್ಸ್‌ನಲ್ಲಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಆಮೇಲೆ ಪ್ರಾವಿಷನಲ್ ಪಡೆದು ಟೆಸ್ಟ್ ಪಾಸಾಗಬೇಕು. ಪ್ರಾವಿಷನಲ್ ಇರುವವರು ಮೋಟರ್‌ವೇಗೆ ಹೋಗಲು 2018ರ ಜೂನ್‌ನಿಂದ ಅವಕಾಶವಿದೆ, ಆದರೆ ಅಧಿಕೃತ ಇನ್‌ಸ್ಟ್ರಕ್ಟರ್ ಜೊತೆಗೆ, ಅವರಿಗೂ ಬ್ರೇಕ್ ಇರುವ ಡ್ಯುಯಲ್ ಕಂಟ್ರೋಲ್ ಕಾರಿನಲ್ಲಿ ಮಾತ್ರ. ಗಂಡನೋ ಹೆಂಡತಿಯೋ ಗೆಳೆಯರೋ ಪಕ್ಕದಲ್ಲಿದ್ದರೆ ಸಾಲದು.

ಇನ್ನು ಹೊಸಬರು ಎಡವುವ ಜಾಗ. ಮ್ಯಾಪ್ ತಪ್ಪಿಸುವುದು ಮೋಟರ್‌ವೇಯನ್ನು ಮಾತ್ರ, ವೇಗವನ್ನಲ್ಲ. ಡ್ಯುಯಲ್ ಕ್ಯಾರೇಜ್‌ವೇಯಾದ ಎ ರಸ್ತೆಗಳಲ್ಲೂ ಸಾಮಾನ್ಯವಾಗಿ 70 ಮೈಲಿಯೇ ಮಿತಿ. ಆಕ್ಸ್‌ಫರ್ಡ್‌ನಿಂದ ನ್ಯೂಬರಿಗೆ ಹೋಗುವ ಎ34ರಲ್ಲಿ ಲಾರಿಗಳ ದಟ್ಟಣೆ ಇದೆ, ಕೆಲವು ಸ್ಲಿಪ್ ರೋಡ್‌ಗಳು ಗಿಡ್ಡ. ಹೊಸಬರಿಗೆ ಎಷ್ಟೋ ಮೋಟರ್‌ವೇಗಳಿಗಿಂತ ಅದೇ ಕಷ್ಟ. ಸ್ಲೌ ಊರಿನಿಂದ ರೆಡಿಂಗ್‌ಗೆ ಎಂ4ರ ಬದಲು ಮೇಡನ್‌ಹೆಡ್ ಮೂಲಕ ಎ4 ಹಿಡಿದರೆ ನಿಧಾನವಾದರೂ ನೆಮ್ಮದಿ. ಹೈ ವಿಕಂಬ್ ಕಡೆಗೆ ಎಂ40ರ ಬದಲು ಎ40 ಕೂಡ ಹಾಗೆಯೇ.

ಹಳ್ಳಿ ರಸ್ತೆಗಳ ಬಗ್ಗೆ ನನಗೆ ಹೆಚ್ಚು ಆತಂಕ. ಈ ದೇಶದಲ್ಲಿ ರಸ್ತೆ ಅಪಘಾತದ ಸಾವುಗಳು ಹೆಚ್ಚಾಗಿ ಆಗುವುದು ಗ್ರಾಮಾಂತರ ರಸ್ತೆಗಳಲ್ಲಿ. ಓಡುವ ದೂರಕ್ಕೆ ಹೋಲಿಸಿದರೆ ಮೋಟರ್‌ವೇ ಹೆಚ್ಚು ಸುರಕ್ಷಿತ. ಮೋಟರ್‌ವೇ ಬೇಡವೆಂದರೆ ಮ್ಯಾಪ್ ನಿಮ್ಮನ್ನು ಎತ್ತರದ ಬೇಲಿಗಳ ನಡುವಿನ ಒಂದೇ ಗಾಡಿ ಹಿಡಿಯುವ ಓಣಿಗೆ ತಂದುಬಿಡಬಹುದು. ಬಿಳಿ ವೃತ್ತದ ಮೇಲೆ ಓರೆಯಾದ ಕಪ್ಪು ಗೆರೆ ಇದ್ದರೆ ಅಲ್ಲಿ 60 ಮೈಲಿ ಮಿತಿ. ಅಷ್ಟು ವೇಗದಲ್ಲಿ ಹೋಗಬೇಕೆಂದು ಅದರ ಅರ್ಥವಲ್ಲ. ಬೀದಿದೀಪವಿಲ್ಲದ ಅಂಥ ದಾರಿಯಲ್ಲಿ, ಚಳಿಗಾಲದ ಸಂಜೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮೊದಲ ಸಲ ಹೋಗಲೇಬೇಡಿ. ಹಗಲಿನಲ್ಲಿ ಹೋಗಿ, ಇಲ್ಲವೇ ರೈಲು ಹಿಡಿಯಿರಿ.

ಲಂಡನ್ ಸುತ್ತ ಇನ್ನೊಂದು ಎಚ್ಚರಿಕೆ. ವಾಟ್‌ಫರ್ಡ್‌ನಿಂದ ಕ್ರಾಯ್ಡನ್‌ಗೆ ಎಂ25 ಬಿಟ್ಟು ಹೊರಟರೆ ದಾರಿ ನಗರದ ಒಳಗಿನಿಂದಲೇ ಹೋಗುತ್ತದೆ. ನಡು ಲಂಡನ್ನಿನಲ್ಲಿ ಕಂಜೆಷನ್ ಚಾರ್ಜ್ ಇದೆ. ಕಾರು ಹಳೆಯದಾಗಿ ಹೊಗೆ ಮಾನದಂಡಕ್ಕೆ ಹೊಂದದಿದ್ದರೆ ಯುಲೆಜ್ ಶುಲ್ಕವೂ ಬೀಳುತ್ತದೆ, ಅದು 2023ರ ಆಗಸ್ಟ್‌ನಿಂದ ಲಂಡನ್ನಿನ ಎಲ್ಲ ಬರೋಗಳಿಗೂ ಅನ್ವಯಿಸುತ್ತದೆ. ಲ್ಯಾಂಬೆತ್‌ನಲ್ಲಿರುವ ಬಸವಣ್ಣನವರ ಪ್ರತಿಮೆ ನೋಡಲು ಕಾರಿನಲ್ಲಿ ಹೊರಡುವವರು ಆನ್‌ಲೈನ್‌ನಲ್ಲಿ ಕಾರಿನ ನಂಬರ್ ಹಾಕಿ ಇವೆರಡನ್ನೂ ಮೊದಲೇ ಪರೀಕ್ಷಿಸಿಕೊಳ್ಳಿ.

ಫೋನನ್ನು ಹೋಲ್ಡರ್‌ನಲ್ಲಿ ಸಿಕ್ಕಿಸಿ, ಧ್ವನಿ ಆನ್ ಮಾಡಿ, ಮತ್ತೆ ಮುಟ್ಟಬೇಡಿ. ಕೈಯಲ್ಲಿ ಹಿಡಿದು ದಾರಿ ಬದಲಿಸಿದರೂ, ಸಿಗ್ನಲ್‌ನಲ್ಲಿ ನಿಂತಾಗಲೂ, 200 ಪೌಂಡ್ ದಂಡ ಮತ್ತು 6 ಪಾಯಿಂಟ್. ಟೆಸ್ಟ್ ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸೇ ರದ್ದು, ಥಿಯರಿಯಿಂದ ಎಲ್ಲವೂ ಮೊದಲಿಂದ.

ಮೋಟರ್‌ವೇ ತಪ್ಪಿಸುವ ಆಯ್ಕೆ ಮೊದಲ ಕೆಲವು ತಿಂಗಳಿಗೆ ಸಾಕು, ವರ್ಷಗಟ್ಟಲೆ ಅದರಲ್ಲೇ ಉಳಿಯಬೇಡಿ. ಇನ್‌ಸ್ಟ್ರಕ್ಟರ್ ಬಳಿ ಮೋಟರ್‌ವೇಗೆಂದೇ ಒಂದೆರಡು ಪಾಠ ಕೇಳಿ. ಪಾಸಾದವರಿಗೆ ಕನಿಷ್ಠ 6 ಗಂಟೆಯ ಪಾಸ್ ಪ್ಲಸ್ ತರಬೇತಿ ಇದೆ, ಅದರಲ್ಲಿ ರಾತ್ರಿಯ ಚಾಲನೆಯೂ ಮೋಟರ್‌ವೇಯೂ ಸೇರಿವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಓಡಿಸಿದವರಿಗೂ ಇದು ಬೇಕು. ಎಡ ಲೇನ್‌ನಲ್ಲೇ ಇದ್ದು, ಬಲದಿಂದ ಮಾತ್ರ ಹಿಂದಿಕ್ಕಿ, ಮತ್ತೆ ಎಡಕ್ಕೆ ಬರುವ ಶಿಸ್ತನ್ನು ಇಲ್ಲಿ ಎಲ್ಲರೂ ಪಾಲಿಸುತ್ತಾರೆಂದು ನಂಬಿಯೇ ಉಳಿದವರು ಓಡಿಸುತ್ತಿರುತ್ತಾರೆ.

ನಮ್ಮ ಕೂಟದಲ್ಲಿ ಬಹುಕಾಲದಿಂದ ಕಾರು ಓಡಿಸುತ್ತಿರುವವರಲ್ಲಿ ಒಂದು ವಿನಂತಿ: ಪೂರ್ಣ ಲೈಸೆನ್ಸ್ ಸಿಕ್ಕ ಹೊಸಬರೊಬ್ಬರ ಪಕ್ಕದಲ್ಲಿ ಭಾನುವಾರ ಬೆಳಿಗ್ಗೆ ಕೂತು, ಒಂದು ಜಂಕ್ಷನ್‌ನಿಂದ ಮುಂದಿನದರವರೆಗೆ ಹೋಗಿ ಬನ್ನಿ.