ನೋಟೀಸು ಬೋರ್ಡಿನ ಆ ಹಾಳೆಯನ್ನು ಓದುವುದು ಹೇಗೆ?

ಮುಂಬಯಿಯ ಕಾಲೇಜುಗಳಲ್ಲಿ ಪರೀಕ್ಷೆಯ ವೇಳಾಪಟ್ಟಿಯ ಪಕ್ಕ ‘ಆಂತರಿಕ ದೂರು ಸಮಿತಿ’ಯ ಹಾಳೆಯೊಂದು ಅಂಟಿರುತ್ತದೆ. ಹೆಚ್ಚಾಗಿ ಇಂಗ್ಲಿಷು. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರು ‘ಇದು ನಮಗಲ್ಲ’ ಅಂತ ಮುಂದೆ ಹೋಗಿಬಿಡುತ್ತೇವೆ. ಆದರೆ ಅದು ನಮಗೇ. ಅದರ ಹಿಂದಿನ ನಿಯಮಗಳನ್ನು ನಾನು ಓದಿ ತಿಳಿದಷ್ಟು ಇಲ್ಲಿ ಬಿಡಿಸಿಡುತ್ತೇನೆ.

ಮೊದಲು, ಇಂಥ ನಿಯಮ ಇಲ್ಲದಿದ್ದ ಕಾಲ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನದೇ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರವೆಸಗಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವನಿಗೆ ಶಿಕ್ಷೆಯಾದದ್ದು ಹಲ್ಲೆಗೆ, ಸುಲಿಗೆಗೆ. ಹುಡುಗಿಯ ಮಾನದ ಹೆಸರಿನಲ್ಲಿ ಅತ್ಯಾಚಾರದ ದೂರೇ ದಾಖಲಾಗಲಿಲ್ಲ. ಎಂಟ್ರಿಯೇ ಆಗದ್ದು ಬ್ಯಾಲೆನ್ಸ್ ಶೀಟಿಗೆ ಬರುವುದುಂಟೇ?

ರಾಜಸ್ಥಾನದ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ನಂತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು, 2013ರಲ್ಲಿ ಕಾಯಿದೆ, 2016ರಲ್ಲಿ ಕಾಲೇಜುಗಳಿಗಾಗಿಯೇ ಯು.ಜಿ.ಸಿ. ನಿಯಮಗಳು ಬಂದವು. ಅವುಗಳ ಸಾರ ಇಷ್ಟು:

1. ಯಾವುದು ಕಿರುಕುಳ? ಬೇಡವೆಂದರೂ ಮುಟ್ಟುವುದು, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು, ‘ನಾನು ಹೇಳಿದ ಹಾಗೆ ಕೇಳು, ಮಾರ್ಕು ಹಾಕ್ತೀನಿ’ ಅನ್ನುವುದು. ಗೇಟಿನೊಳಗೆ ಮಾತ್ರವಲ್ಲ, ಪ್ರವಾಸ, ಉತ್ಸವ, ಇಂಟರ್ನ್‌ಶಿಪ್ಪಿಗೂ ಇದು ಅನ್ವಯ. ಹುಡುಗರೂ ತೃತೀಯ ಲಿಂಗದವರೂ ತೊಂದರೆಗೊಳಗಾಗಬಹುದೆಂದು ನಿಯಮ ಒಪ್ಪಿದೆ.

2. ಸಮಿತಿಯಲ್ಲಿ ಯಾರು? ಅಧ್ಯಕ್ಷೆ ಹಿರಿಯ ಅಧ್ಯಾಪಕಿ. ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ವಿದ್ಯಾರ್ಥಿಗಳ ವಿಷಯವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು. ಡೀನ್, ವಿಭಾಗ ಮುಖ್ಯಸ್ಥರಂಥವರು ಸದಸ್ಯರಾಗುವಂತಿಲ್ಲ. ಅಧಿಕಾರದ ಒತ್ತಡ ಬೀಳಬಾರದು ಅಂತ.

3. ವಾಯಿದೆ ಎಷ್ಟು? ಘಟನೆ ನಡೆದು ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲಾಗದಿದ್ದರೆ ನೆರವಾಗುವುದು ಸಮಿತಿಯ ಕರ್ತವ್ಯ. ‘ನನಗೆ ಇಂಗ್ಲಿಷ್ ಬರಲ್ಲ’ ಅಂತ ಸುಮ್ಮನೆ ಕೂರಬೇಡಿ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

4. ದೂರು ಕೊಟ್ಟ ಮೇಲೆ ಅದೇ ಮೇಷ್ಟ್ರು ಪೇಪರ್ ತಿದ್ದಿದರೆ? ಸಮಿತಿ ಅದನ್ನು ತಡೆಯಲು ಶಿಫಾರಸು ಮಾಡಬಹುದು. ದೂರುದಾರಳಿಗೆ ಮೂರು ತಿಂಗಳವರೆಗೆ ರಜೆಯನ್ನೂ ಕೊಡಿಸಬಹುದು.

5. ಸಾಬೀತಾಗದಿದ್ದರೆ? ಅಷ್ಟರಿಂದಲೇ ದೂರು ಸುಳ್ಳಾಗುವುದಿಲ್ಲ. ದುರುದ್ದೇಶ ಬೇರೆಯಾಗಿ ಸಿದ್ಧವಾಗಬೇಕು. ಆರೋಪಿಗೂ ತನ್ನ ಮಾತು ಹೇಳಲು ಅವಕಾಶ ಇದ್ದೇ ಇದೆ. ಇಬ್ಬರಿಗೂ ಮೇಲ್ಮನವಿ ಉಂಟು. ಪೊಲೀಸರ ದಾರಿಯೂ ಮುಚ್ಚಿಲ್ಲ.

ಇಷ್ಟಿದ್ದರೂ ನಮ್ಮ ಹುಡುಗಿಯರು ಯಾಕೆ ಬಾಯಿ ಬಿಡುವುದಿಲ್ಲ? ಸಮಿತಿಯ ಹೆದರಿಕೆಯಿಂದಲ್ಲ, ಮನೆಯ ಹೆದರಿಕೆಯಿಂದ. ‘ಗೊತ್ತಾದರೆ ಕಾಲೇಜೇ ಬಿಡಿಸ್ತಾರೆ.’ ಮಾಡಿದವನು ಪದವಿ ಪಡೆಯುತ್ತಾನೆ, ಅನುಭವಿಸಿದವಳು ಮನೆಗೆ ಹೋಗುತ್ತಾಳೆ. ಇದು ಯಾವ ನ್ಯಾಯ? ದೂರುದಾರಳ ಹೆಸರು ಗುಟ್ಟಾಗಿಡಬೇಕೆಂಬ ನಿಯಮವನ್ನು ಆದ್ದರಿಂದ ಎಲ್ಲಕ್ಕಿಂತ ಮೊದಲು ತಿಳಿದಿರಬೇಕು. ಅದನ್ನು ಕ್ಯಾಂಟೀನಿನಲ್ಲಿ ಮುರಿಯುವವರು ನಾವೇ, ಸಹಪಾಠಿಗಳು.

ಗೆಳೆಯ ಗೆಳತಿಯರೇ, ನಾಳೆ ಎರಡು ನಿಮಿಷ ಆ ಹಾಳೆಯ ಮುಂದೆ ನಿಲ್ಲಿ. ಅಧ್ಯಕ್ಷೆಯ ಹೆಸರು, ಫೋನ್ ನಂಬರು ಬರೆದುಕೊಳ್ಳಿ. ಸದಸ್ಯರ ಅವಧಿ ಮೂರು ವರ್ಷ. ಪಟ್ಟಿ ಹಳೆಯದಾಗಿದ್ದರೆ, ಅಥವಾ ಹಾಳೆಯೇ ಇಲ್ಲದಿದ್ದರೆ, ಹತ್ತು ಜನ ಸೇರಿ ಪ್ರಿನ್ಸಿಪಾಲರನ್ನು ಕೇಳಿ. ಕೇಳುವುದಕ್ಕೆ ಯಾರಿಗೂ ಏನೂ ಆಗಿರಬೇಕಾಗಿಲ್ಲ.