ಕನ್ನಡದ ಮೊದಲ ವಾಕ್ಚಿತ್ರ ನಿರ್ದೇಶಕ: ವೈ.ವಿ. ರಾವ್

ಪೂರ್ಣ ಹೆಸರು ಯರಗುಡಿಪಾಟಿ ವರದರಾವ್. ಹುಟ್ಟೂರು ನೆಲ್ಲೂರು, ಮನೆಮಾತು ತೆಲುಗು. ಮೂಕಿಚಿತ್ರಗಳ ನಟನಾಗಿದ್ದು ನಿರ್ದೇಶನಕ್ಕಿಳಿದವರು.

ಪರೀಕ್ಷೆಗೆ ಮುಖ್ಯವಾದದ್ದು ಅವರು ನಿರ್ದೇಶಿಸಿದ ಆ ಮೊದಲ ವಾಕ್ಚಿತ್ರ 'ಸತಿ ಸುಲೋಚನ'. ಬಿಡುಗಡೆ 1934ರ ಮಾರ್ಚ್ 3, ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರ. ಸಿಟಿ ಮಾರ್ಕೆಟ್ ಸುತ್ತ ಹುಡುಕಿದರೂ ಆ ಟಾಕೀಸು ಈಗ ಸಿಗದು. ಚಿತ್ರದ ಪ್ರತಿಯೂ ಉಳಿದಿಲ್ಲ. ಬಂಡವಾಳ ಹಾಕಿದ ಚಮನ್‌ಲಾಲ್ ಡುಂಗಾಜಿ ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ. ಸ್ಟುಡಿಯೋ ಸಿಕ್ಕಿದ್ದು ಕೊಲ್ಹಾಪುರದಲ್ಲಿ. ಅಂದರೆ ದುಡ್ಡು ಹಾಕಿದವರು, ನಿರ್ದೇಶಕರು ಕನ್ನಡೇತರರು, ಚಿತ್ರೀಕರಣದ ಜಾಗ ಹೊರಗಿನದು; ಕನ್ನಡತನ ತುಂಬಿದ್ದು ನಾಟಕ ಕಂಪನಿಗಳಿಂದ ಬಂದವರು. ಸಂಭಾಷಣೆ, ಹಾಡು ಬೆಳ್ಳಾವೆ ನರಹರಿಶಾಸ್ತ್ರಿ ಅವರದು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ಲಕ್ಷ್ಮಣನ ಪಾತ್ರ ಸ್ವತಃ ನಿರ್ದೇಶಕರದೇ, ಈ ಪ್ರಶ್ನೆಯಲ್ಲಿ ಹಲವರು ಎಡವುತ್ತಾರೆ.

ಮೊದಲ ಚಿತ್ರ ಯಾವುದೆಂಬ ಗೊಂದಲ ಬೇಡ: ಇನ್ನೊಂದು ಕನ್ನಡ ವಾಕ್ಚಿತ್ರ 'ಭಕ್ತ ಧ್ರುವ' ಮೊದಲು ತಯಾರಾದರೂ ತೆರೆಗೆ ಬಂದದ್ದು ಆಮೇಲೆ. ಅದರ ನಿರ್ದೇಶಕ ಪಾರ್ಶ್ವನಾಥ ಆಳ್ತೇಕರ್, ಮರಾಠಿಗರು.

ರಾವ್ ಮುಂದೆ ತಮಿಳಿನಲ್ಲಿ 'ಚಿಂತಾಮಣಿ' (1937) ಮಾಡಿದರು. ನಾಯಕ ಎಂ.ಕೆ. ತ್ಯಾಗರಾಜ ಭಾಗವತರ್, ನಾಯಕಿ ಕೆ. ಅಶ್ವತ್ಥಮ್ಮ ಮಾತ್ರ ಕನ್ನಡತಿ. ಚಿತ್ರ ವರ್ಷವಿಡೀ ಓಡಿತು. ರಾವ್ ನಿಧನರಾದದ್ದು 1973ರಲ್ಲಿ.

ಪತ್ನಿ ನಟಿ ಕುಮಾರಿ ರುಕ್ಮಿಣಿ. ಮಗಳು ಲಕ್ಷ್ಮಿ, 'ನಾ ನಿನ್ನ ಮರೆಯಲಾರೆ' (1976) ಚಿತ್ರದಲ್ಲಿ ರಾಜ್‌ಕುಮಾರ್ ಜೋಡಿ.